ಅರ್ಗಟ್ ಶಿಲೀಂಧ್ರ: ಔಷಧವೂ ವಂಶವಾಹಿಯೂ

ಉರಿಗಾಂ, ಬಂಗಾರಪೇಟೆಗಳ ರಾಗಿಸೀಮೆಯ ವಿದ್ಯಾರ್ಥಿಯು ಅರ್ಗಟ್ ರೋಗವನ್ನರಿಯಲು ಕೊಪ್ಪಳದತ್ತಣ ಸಜ್ಜೆಯ ಬೆಳೆಯನ್ನು ಗಮನಿಸತಕ್ಕದ್ದು. ಸಜ್ಜೆಯ ಹೂವಿನ ಅಂಡಾಶಯವನ್ನು ಕ್ಲಾವಿಸೆಪ್ಸ್ ಫ್ಯೂಸಿಫಾರ್ಮಿಸ್ ಎಂಬ ಪರೋಪಜೀವಿ ಶಿಲೀಂಧ್ರವು ಆಕ್ರಮಿಸಿ, ಮೊದಲು ಜೇನಿನಂತಹ ಅಂಟುದ್ರವವನ್ನು ಸ್ರವಿಸಿ, ಬಳಿಕ ಕಾಳಿರಬೇಕಾದೆಡೆಯಲ್ಲಿ ಅರ್ಗಟ್ ಎಂಬ ವಿಷಯುಕ್ತವಾದ ಕಪ್ಪು ಗಂಟನ್ನು ನಿರ್ಮಿಸುವುದು. ರೈ ಧಾನ್ಯವನ್ನು ಬಾಧಿಸುವ ಅದರ ಸೋದರ ಪ್ರಭೇದವಾದ ಕ್ಲಾವಿಸೆಪ್ಸ್ ಪರ್ಪ್ಯೂರಿಯಾದ ಅರ್ಗಟಿನಿಂದ ರಸಾಯನಶಾಸ್ತ್ರಜ್ಞ ಆರ್ಥರ್ ಸ್ಟಾಲ್ 1918ರಲ್ಲಿ ಅರ್ಗೊಟಮಿನ್ ಎಂಬ ಆಲ್ಕಲಾಯ್ಡನ್ನು ಬೇರ್ಪಡಿಸಿದನು. 1935ರಲ್ಲಿ ಅರ್ಗಟಿನಿಂದಲೇ ದೊರೆತ ಅರ್ಗೊಮೆಟ್ರಿನ್, ಪ್ರಸವಾನಂತರದ ರಕ್ತಸ್ರಾವವನ್ನು ತಡೆದು ಅಸಂಖ್ಯ ತಾಯಂದಿರನ್ನುಳಿಸಿದ ಪರಮೋಪಕಾರಿ ದ್ರವ್ಯ. ಶಿಲೀಂಧ್ರದೊಳಗೆ ಈ ಆಲ್ಕಲಾಯ್ಡ್‌ಗಳು ರೂಪುಗೊಳ್ಳುವಾಗ, ಟ್ರಿಪ್ಟೊಫಾನ್ ಎಂಬ ಅಮೈನೊ ಆಮ್ಲಕ್ಕೆ ಐದು ಇಂಗಾಲಗಳ ಘಟಕವನ್ನು ಜೋಡಿಸುವ ಪ್ರಥಮ ಹಂತವನ್ನು ಡಿಎಂಎಡಬ್ಲ್ಯೂ ವಂಶವಾಹಿಯು ನಿರ್ವಹಿಸುವುದು. ಮುಂದಿನ ಹಂತಗಳ ವಂಶವಾಹಿಗಳೂ ಅದರೊಡನೆ ಒಂದೇ ಗುಚ್ಛದಲ್ಲಿವೆ. ಸಜ್ಜೆಯ ಪ್ರಭೇದದಲ್ಲಿ ಕಡೆಯ ಹಂತಗಳ ವಂಶವಾಹಿಗಳು ನಿಷ್ಕ್ರಿಯಗೊಂಡಿರುವುದರಿಂದ ಅದು ಕ್ಲಾವೈನ್ ಆಲ್ಕಲಾಯ್ಡ್‌ಗಳಲ್ಲಿಯೇ ನಿಲ್ಲುವುದಲ್ಲದೆ ಅರ್ಗೊಟಮಿನನ್ನು ನೀಡಲಾರದು.