ಒತ್ತಕ್ಷರಕ್ಕೆ ಜಾಗ ಬಿಡಿ

ಹಳೇ ಗುಡಿಯ ಮುಂದೊಂದು ಮಾಹಿತಿ ಫಲಕ, ಸಹಕಾರಿ ಸಂಘದ ವಾರ್ಷಿಕ ವರದಿ, ಶಾಲೆಯ ಸ್ಮರಣ ಸಂಚಿಕೆ: ನಮ್ಮ ಕಡೆ ಗ್ರಾಫಿಕ್ ಡಿಸೈನ್ ಕಲಿತವರ ಕೈಗೆ ಬರುವ ಕೆಲಸ ಹೆಚ್ಚಾಗಿ ಇಂಥವೇ. ಕಂಪ್ಯೂಟರ್ ಆಮೇಲೆ ತೆರೆಯೋಣ. ಮೊದಲು ಹಾಳೆಯ ಮೇಲೆ ದೊಡ್ಡದಾಗಿ 'ರಾಷ್ಟ್ರ' ಅಂತ ಬರೆಯಿರಿ. ಷಕಾರದ ಕೆಳಗೆ ಟಕಾರದ ಒತ್ತು, ಅದಕ್ಕಂಟಿ ರಕಾರದ ಒತ್ತು. ಈಗ ಅದರ ಕೆಳಗೇ ಒತ್ತಾಗಿ 'ಬೀಳಗಿ' ಬರೆಯಿರಿ. ಮೇಲಿನ ಒತ್ತು ಇಳಿದು ಬಂದು ಕೆಳಗಿನ ಗುಡಿಸಿಗೆ ಹಾಯುತ್ತದೆ, ಅಲ್ಲವೇ? ಇಂಗ್ಲಿಷಿಗೆ ಹೊಂದಿಸಿಟ್ಟ ಸಾಲಿನ ಅಂತರ ನಮಗೆ ಸಾಲುವುದಿಲ್ಲ. ಅಕ್ಷರ 12 ಪಾಯಿಂಟ್ ಇದ್ದರೆ ಸಾಲಿಗೆ 18ರ ಆಸುಪಾಸು ಕೊಡಿ. 1843ರಲ್ಲಿ 'ಮಂಗಳೂರ ಸಮಾಚಾರ' ಪತ್ರಿಕೆ ಕಲ್ಲಚ್ಚಿನಲ್ಲಿ ಬಂತು. ಕೈಬರಹವೇ ಅಚ್ಚಾಗುವ ಆ ವಿಧಾನದಲ್ಲಿ ಒತ್ತುಗಳು ತಮಗೆ ಬೇಕಾದಷ್ಟು ಕಾಲು ಚಾಚಬಹುದಿತ್ತು.

ಇನ್ನು ಚಿತ್ರ. ಮುಧೋಳ ಅಂದಕೂಡಲೇ ಕವಿ ರನ್ನ, ಅವನ ಕಾವ್ಯದ ಗದೆ, ಬೇಟೆನಾಯಿ. ನಾಯಿಗೆ 2005ರಲ್ಲಿ ಅಂಚೆಚೀಟಿಯೂ ಬಂದಿದೆ, ಅದನ್ನು ಬರೆಯಲು ಅಡ್ಡಿಯಿಲ್ಲ. ಆದರೆ ಹತ್ತನೇ ಶತಮಾನದ ರನ್ನನ ಮುಖ ಕಂಡವರು ಯಾರು? ನಾವು ನೋಡುವ ಚಿತ್ರಗಳೆಲ್ಲ ಕಲ್ಪನೆ. ಅವನು ಬಳೆಗಾರರ ಮನೆತನದವನು. ಅವನ ಬಗೆಗಿನ ಪುಸ್ತಿಕೆಯ ಮುಖಪುಟಕ್ಕೆ ಎರಡು ಬಳೆ ಸಾಕು, ಓದುಗ ತಾನಾಗಿ ಒಳಗೆ ಬರುತ್ತಾನೆ. ಗದೆ ಬಿಡಿ ಅಂದರೆ ಪುಸ್ತಿಕೆ ಮಾಡಿಸುವ ಸಮಿತಿಯವರು ಮುನಿಸಿಕೊಳ್ಳಬಹುದು, ಆದರೂ ಹೇಳಿ ನೋಡಿ.

ಬೀಳಗಿಯಲ್ಲಿ ಚಿತ್ರಕ್ಕಿಂತ ನಕ್ಷೆ ಮುಖ್ಯ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಊರು ಬಿಟ್ಟವರು ಈಗ ಪುನರ್ವಸತಿ ಕೇಂದ್ರಗಳಲ್ಲಿದ್ದಾರೆ. ಹಳೇ ಊರಿನ ಜಾಗ ತೆಳು ಗೆರೆಯಲ್ಲಿ, ಹೊಸ ಊರು ದಪ್ಪ ಗೆರೆಯಲ್ಲಿ, ನಡುವೆ ನೀರು. ಹೆಸರು ಎರಡಕ್ಕೂ ಬೇಕು. ಜಮಖಂಡಿಯ ಪಟವರ್ಧನ ಸಂಸ್ಥಾನದ ಫಲಕಕ್ಕಾದರೆ ಮರಾಠಿ ಓದುವ ಪ್ರವಾಸಿಗೂ ಒಂದು ಅಂಕಣ ಬಿಡಿ.

ಚೌಕಟ್ಟಿನ ಪಾಠಕ್ಕೆ ಮಾತ್ರ ರಬಕವಿ-ಬನಹಟ್ಟಿಯ ನೇಕಾರರ ಹತ್ತಿರ ಹೋಗಿ. ಸೀರೆಯ ದಡಿಯ ವಿನ್ಯಾಸವನ್ನು ಅವರು ಚೌಕುಳಿ ಹಾಳೆಯ ಮೇಲೆ ಮನೆ ಮನೆಯಾಗಿ ತುಂಬುತ್ತಾರೆ. ಒಂದು ಮನೆ ತಪ್ಪಿದರೆ ಮಗ್ಗದಲ್ಲಿ ಉದ್ದಕ್ಕೂ ತಪ್ಪು. ಡಿಸೈನರ್ 'ಗ್ರಿಡ್' ಅನ್ನುವುದೂ ಇದನ್ನೇ. ದಡಿ ಅಂಚಿಗೆ, ಮೈ ಖಾಲಿ, ತೂಕವೆಲ್ಲ ಸೆರಗಿಗೆ. ಪುಟಕ್ಕೂ ಹಾಗೇ ಮಾಡಿ, ನಾಲ್ಕೂ ಕಡೆ ಹೂಬಳ್ಳಿ ಎಳೆಯಬೇಡಿ.

ವಾರ್ಷಿಕ ವರದಿಯಲ್ಲಿ ಅಂಕಿಗಳನ್ನು ಬಲಕ್ಕೆ ಸಾಲಾಗಿ ನಿಲ್ಲಿಸಿ, ಬಿಡಿಯ ಕೆಳಗೆ ಬಿಡಿ, ಹತ್ತರ ಕೆಳಗೆ ಹತ್ತು. ಅಕ್ಷರಕ್ಕೆ ಯೂನಿಕೋಡ್ ಫಾಂಟೇ ಇರಲಿ. ಹಳೇ ಫಾಂಟಿನಿಂದ ಪರಿವರ್ತಿಸಿದ ವರದಿಯೊಂದರಲ್ಲಿ ಅರ್ಕಾವೊತ್ತುಗಳೆಲ್ಲ ಉದುರಿ, 'ಕಾರ್ಯದರ್ಶಿ'ಗಳು 'ಕಾಯದಶಿ'ಗಳಾಗಿದ್ದರು. ಪ್ರೂಫ್ ನೋಡಿದವನು ನಾನೇ. ಅಂದಿನಿಂದ ಪ್ರೆಸ್ಸಿಗೆ ಫಾಂಟ್ ಅಡಕವಾದ ಪಿಡಿಎಫ್ ಬಿಟ್ಟು ಬೇರೇನೂ ಕಳಿಸುವುದಿಲ್ಲ.

ಬಿಸಿಲಿನ ಮಾತೂ ಇದೆ. ನಮ್ಮ ಬೇಸಿಗೆಗೆ ಫ್ಲೆಕ್ಸಿನ ಕೆಂಪು, ಹಳದಿ ಮೊದಲು ಹಾರಿಹೋಗಿ ಮುಖಗಳೆಲ್ಲ ನೀಲಿಯಾಗುತ್ತವೆ. ಫಲಕದ ಬರಹ ಕಪ್ಪಿರಲಿ, ಹಿನ್ನೆಲೆ ಹೊಳೆಯದ ತಿಳಿಬಣ್ಣ. ಅಚ್ಚಿಗೆ ಕೊಡುವ ಮೊದಲು ನಿಜ ಅಳತೆಯಲ್ಲಿ ಕಾಗದದ ಮೇಲೆ ತೆಗೆದು, ಫಲಕ ಬರುವ ಗೋಡೆಗೇ ಅಂಟಿಸಿ, ನಾಲ್ಕು ಹೆಜ್ಜೆ ಹಿಂದೆ ಸರಿದು ಓದಿ. ಆಮೇಲೆ ದಾರಿಯಲ್ಲಿ ಹೋಗುವ ಅಜ್ಜನೊಬ್ಬನನ್ನು ಕರೆದು ಓದಿಸಿ. ಕನ್ನಡಕ ತೆಗೆದು ಒರೆಸಿಕೊಂಡನೆಂದರೆ ಅಕ್ಷರ ಇನ್ನೂ ದೊಡ್ಡದು ಬೇಕು.