ಶಿರಸ್ತ್ರಾಣ: ಅದರ ಕೆಲಸ ಮತ್ತು ಆಯ್ಕೆ

ಹಾಸನದಿಂದ ಬೇಲೂರಿಗೆ ಹೋಗುವ ಹೆದ್ದಾರಿಯಲ್ಲಿ ಹಗರೆಯೆಂಬ ಊರು ಸಿಕ್ಕುತ್ತದೆ. ಹಳೇಬೀಡಿಗೆ ಹೋಗತಕ್ಕವರು ಇಲ್ಲಿ ಹೆದ್ದಾರಿಯನ್ನು ಬಿಟ್ಟು ಕವಲುದಾರಿಯನ್ನು ಹಿಡಿಯುತ್ತಾರೆ. ಬೆಳಗಿನ ಹೊತ್ತು ಈ ಕೂಡುರಸ್ತೆಯಲ್ಲಿ ಸ್ವಲ್ಪ ಕಾಲ ನಿಂತು ನೋಡಿದರೆ, ಕಾಲೇಜಿಗೂ ಕಚೇರಿಗೂ ತೋಟಕ್ಕೂ ಮೋಟಾರ್ ಸೈಕಲ್ಲುಗಳಲ್ಲಿ ಹೊರಟವರು ಕಣ್ಣಿಗೆ ಬೀಳುತ್ತಾರೆ. ಇವರಲ್ಲಿ ಕೆಲವರ ಶಿರಸ್ತ್ರಾಣ, ಅಂದರೆ ನಾವೆಲ್ಲರೂ ಹೆಲ್ಮೆಟ್ಟು ಎಂದು ಕರೆಯುವ ವಸ್ತು, ತಲೆಯ ಮೇಲಿರುವುದಿಲ್ಲ. ಪೆಟ್ರೋಲ್ ಟ್ಯಾಂಕಿನ ಮೇಲೋ, ಕನ್ನಡಿಯ ಕಂಬಿಯಲ್ಲೋ, ಹಿಂದೆ ಕುಳಿತವರ ತೋಳಿನಲ್ಲೋ ಇರುತ್ತದೆ. ಊರು ಸಮೀಪಿಸಿ ಪೊಲೀಸರು ನಿಲ್ಲುವ ತಿರುವು ಬಂದಾಗ ಅದು ತಲೆಗೇರುತ್ತದೆ.

ಹೆಲ್ಮೆಟ್ಟೆಂಬುದು ದಂಡದಿಂದ ಪಾರಾಗುವ ಉಪಾಯವೆಂದು ತಿಳಿದವರು, ಅದನ್ನು ಕೊಳ್ಳುವಾಗಲೂ ಕೈಗೆ ಸಿಕ್ಕಿದ ಅಗ್ಗದ ಟೊಪ್ಪಿಗೆಯನ್ನು ಆರಿಸುವುದು ಸಹಜವೇ. ಆದರೆ ಅದು ಟೊಪ್ಪಿಗೆಯಲ್ಲ; ಭೌತವಿಜ್ಞಾನದ ಒಂದು ನಿಯಮವನ್ನು ಆಧರಿಸಿ, ಒಂದೇ ಒಂದು ಸಲ, ಒಂದು ಸೆಕೆಂಡಿನ ನೂರನೆಯ ಒಂದು ಭಾಗದಷ್ಟು ಕಾಲ ಕೆಲಸಮಾಡುವ ಸಾಧನ. ಆ ನಿಯಮವನ್ನು ಅರಿತರೆ ಯಾವುದನ್ನು ಕೊಳ್ಳಬೇಕೆಂಬುದು ತಾನಾಗಿಯೇ ಸ್ಪಷ್ಟವಾಗುತ್ತದೆ. ಅದನ್ನು ಈ ಲೇಖನದಲ್ಲಿ ವಿವೇಚಿಸೋಣ.

ವಿಷಯವು ಅಲ್ಪವಾದುದಲ್ಲ. ಕೇಂದ್ರ ಸರ್ಕಾರದ ವರದಿಯಂತೆ 2022ರಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಜನರು ಅಪಘಾತಗಳಿಂದ ಮಡಿದರು. ಅವರಲ್ಲಿ ಹೆಲ್ಮೆಟ್ಟನ್ನು ಧರಿಸದಿದ್ದ ದ್ವಿಚಕ್ರಿಗಳ ಸವಾರರು 50,029 ಮಂದಿ. ಈ ಪೈಕಿ 14,337 ಮಂದಿ ಹಿಂದಿನ ಆಸನದಲ್ಲಿ ಕುಳಿತಿದ್ದವರು. ವಾಹನ ನಡೆಸುವ ವಯಸ್ಸಾಗದ ನಮ್ಮ ಕಿರಿಯ ವಾಚಕರು ಈ ಕೊನೆಯ ಸಂಖ್ಯೆಯನ್ನು ಗಮನಿಸಬೇಕು. ತಂದೆಯ ಬೆನ್ನ ಹಿಂದೆ ಕುಳಿತವರ ತಲೆಯೂ ಅದೇ ರಸ್ತೆಗೆ ಬೀಳತಕ್ಕದ್ದು. ಕರ್ನಾಟಕದಲ್ಲಿ 2016ರಿಂದ ಹಿಂಬದಿಯ ಸವಾರರಿಗೂ ಹೆಲ್ಮೆಟ್ಟು ಕಡ್ಡಾಯವಾಗಿದೆ.

ಒಂದು ಮರಣದಿಂದ ಹುಟ್ಟಿದ ವಿಚಾರ

1935ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ಒಂದು ಹಳ್ಳಿಯ ರಸ್ತೆಯಲ್ಲಿ ಟಿ. ಇ. ಲಾರೆನ್ಸ್ ಎಂಬ ಪ್ರಸಿದ್ಧ ಸೈನಿಕ ಹಾಗೂ ಲೇಖಕನು, ಸೈಕಲ್ಲಿನಲ್ಲಿ ಬರುತ್ತಿದ್ದ ಇಬ್ಬರು ಹುಡುಗರನ್ನು ತಪ್ಪಿಸಲು ಹೋಗಿ ಮೋಟಾರ್ ಸೈಕಲ್ಲಿನಿಂದ ಎಸೆಯಲ್ಪಟ್ಟನು. ತಲೆಗೆ ಪೆಟ್ಟಾಗಿ, ಪ್ರಜ್ಞೆ ಮರಳದೆ, ಆರು ದಿನಗಳ ಮೇಲೆ ತೀರಿಕೊಂಡನು. ಆತನನ್ನು ಪರೀಕ್ಷಿಸಿದ ವೈದ್ಯರಲ್ಲಿ ಹ್ಯೂ ಕೇರ್ನ್ಸ್ ಎಂಬ ನರಶಸ್ತ್ರಚಿಕಿತ್ಸಕನೂ ಒಬ್ಬನು. ಇಂಥ ಸಾವುಗಳನ್ನು ತಡೆಯಲಾಗದೇ ಎಂಬ ಪ್ರಶ್ನೆಯನ್ನು ಕೈಗೆತ್ತಿಕೊಂಡ ಕೇರ್ನ್ಸ್, ಸೈನ್ಯದ ಮೋಟಾರ್ ಸೈಕಲ್ ಸವಾರರ ತಲೆಗಾಯಗಳನ್ನು ಅಭ್ಯಸಿಸಿ 1941ರಲ್ಲಿ ಲೇಖನ ಪ್ರಕಟಿಸಿದನು. ಹೆಲ್ಮೆಟ್ಟು ಧರಿಸಿದ್ದವರ ಗಾಯಗಳು ಸೌಮ್ಯವಾಗಿರುವುದು ಅವನಿಗೆ ಕಂಡುಬಂದಿತ್ತು. ಅದೇ ವರ್ಷದ ನವೆಂಬರಿನಲ್ಲಿ ಬ್ರಿಟಿಷ್ ಸೈನ್ಯವು ತನ್ನ ಸವಾರರಿಗೆ ಹೆಲ್ಮೆಟ್ಟನ್ನು ಕಡ್ಡಾಯಗೊಳಿಸಿತು. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2008ರಲ್ಲಿ ಪ್ರಕಟವಾದ ಒಂದು ವಿಮರ್ಶೆಯು, ಹೆಲ್ಮೆಟ್ಟಿನಿಂದ ಮರಣದ ಸಂಭವವು ಶೇಕಡ 42ರಷ್ಟೂ ತಲೆಗಾಯದ ಸಂಭವವು ಶೇಕಡ 69ರಷ್ಟೂ ಕಡಿಮೆಯಾಗುವುದೆಂದು ತೋರಿಸಿತು.

ನಿಲ್ಲುವ ದೂರ

ಹೆಲ್ಮೆಟ್ಟು ಇದನ್ನು ಸಾಧಿಸುವುದು ಹೇಗೆ? ಒಂದು ಸರಳವಾದ ಲೆಕ್ಕ ಮಾಡೋಣ. ತಲೆಯು ನೆಲದಿಂದ ಸುಮಾರು 1.8 ಮೀಟರು ಎತ್ತರದಿಂದ ಬೀಳುತ್ತದೆಂದು ಇಟ್ಟುಕೊಳ್ಳೋಣ. ನೆಲವನ್ನು ಮುಟ್ಟುವಾಗ ಅದರ ವೇಗವು ಸೆಕೆಂಡಿಗೆ ಸುಮಾರು 6 ಮೀಟರು, ಎಂದರೆ ಗಂಟೆಗೆ 21 ಕಿಲೋಮೀಟರಿಗೂ ತುಸು ಹೆಚ್ಚು. ಈ ವೇಗವು ಸೊನ್ನೆಗೆ ಇಳಿಯಬೇಕು. ಎಷ್ಟು ದೂರದಲ್ಲಿ ಇಳಿಯುತ್ತದೆಂಬುದೇ ಇಲ್ಲಿ ಮುಖ್ಯವಾದ ಪ್ರಶ್ನೆ. ವೇಗದ ವರ್ಗವನ್ನು ನಿಲ್ಲುವ ದೂರದ ಇಮ್ಮಡಿಯಿಂದ ಭಾಗಿಸಿದರೆ ಮಂದನವು, ಎಂದರೆ ವೇಗವು ತಗ್ಗುವ ದರವು, ದೊರೆಯುತ್ತದೆಂಬುದನ್ನು ವಿದ್ಯಾರ್ಥಿಗಳು ಓದಿಯೇ ಇರುತ್ತಾರೆ.

ಬರಿಯ ತಲೆಯು ಕಾಂಕ್ರೀಟಿಗೆ ಬಡಿದು 5 ಮಿಲಿಮೀಟರಿನಲ್ಲಿ ನಿಂತಿತೆನ್ನೋಣ. ಆಗ ಮಂದನವು ಗುರುತ್ವ ವೇಗೋತ್ಕರ್ಷದ ಸುಮಾರು 367 ಪಟ್ಟು. 5 ಕಿಲೋಗ್ರಾಂ ತೂಗುವ ತಲೆಯ ಮೇಲೆ ಬೀಳುವ ಬಲ 18,000 ನ್ಯೂಟನ್. ಅದೇ ತಲೆಯು 25 ಮಿಲಿಮೀಟರು ಜಜ್ಜಿಹೋಗುವ ಪದರದೊಳಗೆ ನಿಂತರೆ, ಮಂದನ 73 ಪಟ್ಟಿಗೂ ಬಲ 3,600 ನ್ಯೂಟನ್ನಿಗೂ ಇಳಿಯುತ್ತದೆ. ಎರಡು ಬೆರಳಿನ ಅಗಲಕ್ಕಿಂತಲೂ ಕಡಿಮೆಯಾದ ಒಂದು ಪದರವು ಪೆಟ್ಟನ್ನು ಐದನೆಯ ಒಂದು ಭಾಗಕ್ಕೆ ತಂದಿತು! ಹೆಲ್ಮೆಟ್ಟಿನ ಗುಟ್ಟೆಲ್ಲ ಇದರಲ್ಲಿದೆ. ಬಾವಿಕಟ್ಟೆಯಿಂದ ಬಿದ್ದ ಕೊಡವು ಕಲ್ಲಿನ ಮೇಲೆ ಒಡೆದು, ಹುಲ್ಲಿನ ಮೆದೆಯ ಮೇಲೆ ಒಡೆಯದೆ ಉಳಿಯುವುದೂ ಇದೇ ಕಾರಣದಿಂದ.

ಆದ್ದರಿಂದ ತಲೆಯನ್ನು ಕಾಯುವುದು ಹೊಳೆಯುವ ಹೊರಚಿಪ್ಪೆಂದು ತಿಳಿಯುವುದು ಅರ್ಧಸತ್ಯ. ಚಿಪ್ಪು ಪೆಟ್ಟನ್ನು ಅಗಲಕ್ಕೆ ಹರಡುತ್ತದೆ, ಚೂಪಾದ ಕಲ್ಲು ಒಳಹೊಗದಂತೆ ತಡೆಯುತ್ತದೆ. ಪೆಟ್ಟನ್ನು ನುಂಗುವುದು ಒಳಗಿನ ಥರ್ಮೊಕೋಲಿನ ಪದರ. ಇಂತಹ ಜಜ್ಜಿಹೋಗುವ ಒಳಪದರದ ಕಲ್ಪನೆಗೆ ಅಮೆರಿಕದಲ್ಲಿ ಲೊಂಬಾರ್ಡ್ ಮತ್ತು ರಾತ್ ಎಂಬವರು 1953ರಲ್ಲಿ ಪೇಟೆಂಟು ಪಡೆದರು. ಪದರವು ಸ್ಪಂಜಿನದೇಕಾಗಬಾರದೆಂದು ಕೇಳಬಹುದು. ಸ್ಪಂಜು ಪಡೆದ ಶಕ್ತಿಯ ಒಂದಂಶವನ್ನು ಪುಟಿದು ತಲೆಗೇ ಹಿಂದಿರುಗಿಸುತ್ತದೆ. ಥರ್ಮೊಕೋಲು ಹಾಗೆ ಮಾಡದೆ ತಾನು ಜಜ್ಜಿ ಉಳಿಯುತ್ತದೆ. ಒಂದು ತುಂಡನ್ನು ಹೆಬ್ಬೆರಳಿನಿಂದ ಬಲವಾಗಿ ಒತ್ತಿ ನೋಡಿ: ಬಿದ್ದ ತಗ್ಗು ಮತ್ತೆ ಏಳುವುದಿಲ್ಲ. ಒಮ್ಮೆ ದೊಡ್ಡ ಪೆಟ್ಟು ತಿಂದ ಹೆಲ್ಮೆಟ್ಟನ್ನು, ಹೊರಗೆ ಗೀರೂ ಕಾಣದಿದ್ದರೂ, ಬಿಸುಡಬೇಕೆಂಬುದಕ್ಕೆ ಇದೇ ಕಾರಣ.

ಇಲ್ಲಿ ಒಂದು ಸಂದೇಹ ಏಳುತ್ತದೆ. ಯುರೋಪಿನ ನಿಯಮದಂತೆ ಹೆಲ್ಮೆಟ್ಟನ್ನು ಪರೀಕ್ಷಿಸುವುದು ಸೆಕೆಂಡಿಗೆ 7.5 ಮೀಟರು, ಎಂದರೆ ಗಂಟೆಗೆ 27 ಕಿಲೋಮೀಟರು ವೇಗದಲ್ಲಿ. ಹೆದ್ದಾರಿಯಲ್ಲಿ 60ರ ವೇಗದಲ್ಲಿ ಹೋಗುವವನಿಗೆ ಇದರಿಂದೇನು ಪ್ರಯೋಜನ? ಉತ್ತರ ಹೀಗಿದೆ. ಜಾರಿ ಬಿದ್ದವನ ತಲೆಯು ನೆಲಕ್ಕೆ ಬಡಿಯುವ ವೇಗವನ್ನು ನಿರ್ಧರಿಸುವುದು ಬಿದ್ದ ಎತ್ತರವೇ. ಮುಂದಕ್ಕೆ ಹೋಗುವ ವೇಗದ ಬಹುಪಾಲು ರಸ್ತೆಯ ಮೇಲೆ ಉಜ್ಜಿ ಜಾರುವುದರಲ್ಲಿ ಕಳೆಯುತ್ತದೆ. ಆದರೆ ಮರದ ಬುಡಕ್ಕೋ ಎದುರು ಬರುವ ಲಾರಿಗೋ ನೇರವಾಗಿ ಬಡಿದರೆ ಪೂರ್ಣ ವೇಗವೂ ಲೆಕ್ಕಕ್ಕೆ ಬರುತ್ತದೆ. ಆಗ ಯಾವ ಹೆಲ್ಮೆಟ್ಟೂ ಭರವಸೆ ಕೊಡಲಾರದು. ಹೆಲ್ಮೆಟ್ಟು ಧರಿಸಿದೆವೆಂದು ವೇಗವನ್ನು ಹೆಚ್ಚಿಸುವುದು ಅವಿವೇಕ.

ಕೊಳ್ಳುವಾಗ

ಮೊದಲನೆಯದಾಗಿ ಐ.ಎಸ್.ಐ. ಮುದ್ರೆಯನ್ನೂ, ಅದರೊಡನೆ ಐ.ಎಸ್. 4151 ಎಂಬ ಸಂಖ್ಯೆಯನ್ನೂ, ತಯಾರಕರ ಪರವಾನಗಿಯ ಸಂಖ್ಯೆಯನ್ನೂ ನೋಡಬೇಕು. 2021ರ ಜೂನ್ 1ರಿಂದ ಈ ಮುದ್ರೆಯಿಲ್ಲದ ಹೆಲ್ಮೆಟ್ಟುಗಳ ತಯಾರಿಕೆ ಮಾರಾಟಗಳು ನಿಷಿದ್ಧವಾಗಿವೆ. ಮುದ್ರೆಯನ್ನು ಯಾರು ಬೇಕಾದರೂ ಅಂಟಿಸಿಯಾರು. ಆದಕಾರಣ ಪರವಾನಗಿಯ ಸಂಖ್ಯೆಯನ್ನು ಮಾನಕ ಸಂಸ್ಥೆಯ ‘ಬಿಐಎಸ್ ಕೇರ್’ ಎಂಬ ಮೊಬೈಲ್ ಆ್ಯಪಿನಲ್ಲಿ ಪರಿಶೀಲಿಸಿಕೊಳ್ಳುವುದು ಒಳ್ಳೆಯದು. ಒಳಗೆ ಬೆರಳಿಟ್ಟು ನೋಡಿದಾಗ ಬಟ್ಟೆಯ ಹಿಂದೆ ಗಟ್ಟಿಯಾದ ಥರ್ಮೊಕೋಲು ಸಿಕ್ಕದೆ ಬರಿಯ ಸ್ಪಂಜು ಸಿಕ್ಕಿದರೆ, ಅದನ್ನು ಅಲ್ಲಿಯೇ ಬಿಡಬೇಕು.

ಎರಡನೆಯದು, ಎಷ್ಟು ಭಾಗ ಮುಚ್ಚುತ್ತದೆಂಬುದು. ಜರ್ಮನಿಯಲ್ಲಿ ಓಟೆ ಎಂಬ ಸಂಶೋಧಕನು ಅಪಘಾತಕ್ಕೊಳಗಾದ ಹೆಲ್ಮೆಟ್ಟುಗಳನ್ನು ಪರೀಕ್ಷಿಸಿದಾಗ, ಪೆಟ್ಟುಗಳಲ್ಲಿ ಸುಮಾರು ಮೂರನೆಯ ಒಂದು ಭಾಗವು ಗದ್ದದ ಪ್ರದೇಶದಲ್ಲಿಯೇ ಇದ್ದಿತು. ನೆತ್ತಿಯನ್ನು ಮಾತ್ರ ಮುಚ್ಚುವ ಅರೆ ಹೆಲ್ಮೆಟ್ಟಿನಲ್ಲಿ ಈ ಭಾಗಕ್ಕೆ ಯಾವ ರಕ್ಷಣೆಯೂ ಇಲ್ಲ. ಮುಖವನ್ನು ಪೂರ್ತಿ ಆವರಿಸುವುದೇ ಉತ್ತಮ.

ಮೂರನೆಯದು ಅಳತೆ. ಹುಬ್ಬಿನಿಂದ ಸುಮಾರು ಒಂದು ಅಂಗುಲ ಮೇಲೆ ತಲೆಯ ಸುತ್ತ ದರ್ಜಿಯ ಟೇಪನ್ನು ಹಿಡಿದು ಅಳೆಯಬೇಕು. 58 ಸೆಂಟಿಮೀಟರು ಬಂದರೆ 580 ಎಂದು ಬರೆದಿರುವುದನ್ನು ಧರಿಸಿ ನೋಡಬೇಕು. ಕೆನ್ನೆಗಳು ತುಸು ಒತ್ತಿಕೊಂಡಿರಬೇಕು. ಹೆಲ್ಮೆಟ್ಟನ್ನು ಹಿಡಿದು ತಿರುಗಿಸಿದರೆ ಹಣೆಯ ಚರ್ಮವೂ ಜೊತೆಗೆ ಚಲಿಸಬೇಕು. ಹತ್ತು ನಿಮಿಷ ಧರಿಸಿದರೂ ಯಾವುದೊಂದು ಕಡೆಯಲ್ಲಿಯೂ ನೋಯಬಾರದು. ಆಮೇಲೆ ಗದ್ದದ ಪಟ್ಟಿಯನ್ನು ಬಿಗಿದು, ಹಿಂಭಾಗದ ಅಂಚನ್ನು ಹಿಡಿದು ಮುಂದಕ್ಕೆ ಎತ್ತಿ ನೋಡಬೇಕು. ಕಳಚಿ ಬಂದರೆ ಆ ಅಳತೆ ತಮ್ಮದಲ್ಲ. ಪಟ್ಟಿಯನ್ನು ಬಿಗಿಯದ ಹೆಲ್ಮೆಟ್ಟು ನೆಲಕ್ಕೆ ಬೀಳುವ ಮೊದಲೇ ತಲೆಯನ್ನು ಬಿಟ್ಟು ಹಾರಿಹೋಗಬಹುದು. ಆಗ ನಾವು ಮಾಡಿದ ಲೆಕ್ಕದ 25 ಮಿಲಿಮೀಟರು ಮತ್ತೆ 5 ಆಗುತ್ತದೆ.

ಮುಖಫಲಕ

ಅಂಗಡಿಗಳಲ್ಲಿ ವೈಸರ್ ಎಂದು ಕರೆಯುವ ಮುಖಫಲಕವನ್ನು ಗಾಳಿ ತಡೆಯುವ ಅಲಂಕಾರವೆಂದು ಭಾವಿಸಬಾರದು. ಮೊದಲ ಮಳೆ ಬಿದ್ದ ಸಂಜೆ, ಬೇಲೂರಿನ ಕಡೆಯ ರಸ್ತೆಗಳಲ್ಲಿ ನೆಲದಿಂದೇಳುವ ರೆಕ್ಕೆಯ ಗೆದ್ದಲುಗಳು ದೀಪದ ಬೆಳಕಿಗೆ ಮುತ್ತುತ್ತವೆ. ಗಂಟೆಗೆ 60 ಕಿಲೋಮೀಟರು ವೇಗವೆಂದರೆ ಸೆಕೆಂಡಿಗೆ ಸುಮಾರು 17 ಮೀಟರು. ಕಣ್ಣಿಗೆ ಹುಳು ಹೊಡೆದು ಎರಡು ಸೆಕೆಂಡು ರೆಪ್ಪೆ ಮುಚ್ಚಿದರೆ, ವಾಹನವು 30 ಮೀಟರಿಗೂ ಹೆಚ್ಚು ದೂರ ಕುರುಡಾಗಿ ಸಾಗಿರುತ್ತದೆ.

ಫಲಕವು ಬಣ್ಣವಿಲ್ಲದ್ದಾಗಿರಲಿ. ಯುರೋಪಿನ ನಿಯಮದಂತೆ ಎಲ್ಲ ವೇಳೆಯಲ್ಲಿಯೂ ಬಳಸತಕ್ಕ ಫಲಕವು ತನ್ನ ಮೇಲೆ ಬಿದ್ದ ಬೆಳಕಿನ ಶೇಕಡ 80ನ್ನಾದರೂ ಒಳಗೆ ಬಿಡಬೇಕು. ಅದಕ್ಕಿಂತ ಕಡಿಮೆಯಾದರೆ ಹಗಲಿಗೆ ಮಾತ್ರವೆಂದು ನಮೂದಿಸಬೇಕು. ಕಪ್ಪು ಫಲಕವನ್ನು ಇಳಿಬಿಟ್ಟು ರಾತ್ರಿ ಸವಾರಿ ಮಾಡುವವನು, ದೀಪವಿಲ್ಲದೆ ನಿಂತ ಟ್ರ್ಯಾಕ್ಟರಿನ ಟ್ರೇಲರನ್ನು ಕಾಣುವುದು ಬಹಳ ತಡವಾಗಿ. ಗೀರುಗಳಿಂದ ತುಂಬಿದ ಫಲಕವೂ ಅಷ್ಟೇ ಅಪಾಯಕರ. ಎದುರು ವಾಹನದ ಬೆಳಕು ಒಂದೊಂದು ಗೀರಿನಲ್ಲಿಯೂ ಚದುರಿ ಕಣ್ಣು ಕೋರೈಸುತ್ತದೆ.

ಚಳಿಗಾಲದ ಬೆಳಗಿನಲ್ಲಿ ಫಲಕದ ಒಳಗೆ ಮಂಜು ಕಟ್ಟುವುದುಂಟು. ನಮ್ಮ ಉಸಿರಿನ ತೇವವು ತಣ್ಣಗಿನ ಫಲಕವನ್ನು ತಾಕಿ ಹನಿಗೂಡುವುದೇ ಇದಕ್ಕೆ ಕಾರಣ. ಗಾಳಿಕಿಂಡಿಗಳಿರುವ ಹೆಲ್ಮೆಟ್ಟನ್ನು ಆರಿಸಿ, ಬೇಕಾದಾಗ ಫಲಕವನ್ನು ಒಂದು ಮೆಟ್ಟಿಲು ತೆರೆದರೆ ತೇವವು ಹೊರಹೋಗುತ್ತದೆ.

ಇನ್ನು ಪಾಲನೆಯ ಮಾತು. ಫಲಕವು ಸಾಮಾನ್ಯವಾಗಿ ಪಾಲಿಕಾರ್ಬೊನೇಟಿನದು. ಸುಲಭವಾಗಿ ಒಡೆಯದಾದರೂ ಸುಲಭವಾಗಿ ಗೀರು ಬೀಳುತ್ತದೆ. ಧೂಳನ್ನು ಒಣಬಟ್ಟೆಯಿಂದ ಉಜ್ಜದೆ, ನೀರು ಹಾಯಿಸಿ, ಸೌಮ್ಯವಾದ ಸಾಬೂನಿನಿಂದ ತೊಳೆಯಬೇಕು. ಪೆಟ್ರೋಲನ್ನೂ ತಿನ್ನರನ್ನೂ ಹೆಲ್ಮೆಟ್ಟಿನ ಹತ್ತಿರ ತರಕೂಡದು. ಕಾಲೇಜಿನ ಪ್ರಯೋಗಶಾಲೆಯಲ್ಲಿ ಅಧ್ಯಾಪಕರ ಸಮ್ಮುಖದಲ್ಲಿ ಥರ್ಮೊಕೋಲಿನ ತುಂಡಿನ ಮೇಲೆ ಕೆಲವು ಹನಿ ಅಸಿಟೋನನ್ನು ಹಾಕಿ ನೋಡಿದರೆ, ಅದು ಕ್ಷಣದಲ್ಲಿ ಕುಗ್ಗಿ ಅಂಟಾಗುವುದು ಕಾಣುತ್ತದೆ. ಪೆಟ್ರೋಲಿನಿಂದಲೂ ಇದೇ ಬಗೆಯ ಹಾನಿಯಾಗುತ್ತದೆ. ತುಂಬಿದ ಟ್ಯಾಂಕಿನ ಮೇಲೆ ಹೆಲ್ಮೆಟ್ಟನ್ನು ಇಟ್ಟುಕೊಂಡು ಹೋಗುವ ಪದ್ಧತಿಯಲ್ಲಿ ಈ ದೋಷವೂ ಇದೆ.

ಹಗರೆಯಿಂದ ಹಾಸನಕ್ಕೆ ಹೋಗುವ ದಾರಿಯಲ್ಲಿ ಪೊಲೀಸರು ಎಲ್ಲೆಲ್ಲಿಯೂ ಇರುವುದಿಲ್ಲ. ಗುರುತ್ವಾಕರ್ಷಣೆಯಾದರೋ ಪ್ರತಿಯೊಂದು ಅಡಿಯಲ್ಲಿಯೂ ಇದೆ. ಅದಕ್ಕೆ ಸಿದ್ಧರಾಗಿ, ತಮ್ಮ ಅಳತೆಯ ಹೆಲ್ಮೆಟ್ಟನ್ನು ಪಟ್ಟಿ ಬಿಗಿದು ಧರಿಸಿದ ಮೇಲೆಯೇ ವಾಹನವನ್ನು ಚಾಲೂ ಮಾಡುವುದನ್ನು ನಮ್ಮ ವಾಚಕರು ಇಂದಿನಿಂದಲೇ ರೂಢಿಸಿಕೊಳ್ಳಲಿ. ಹಿಂದೆ ಕುಳಿತುಕೊಳ್ಳುವವರಿಗೂ ಒಂದನ್ನು ಕೊಡಿಸಲಿ.