ಕಣಗಿಲೆ

ಬೇಸಗೆಯಲ್ಲಿ ಉಳಿದ ಗಿಡಗಳು ಬಾಡಿ ನಿಂತಾಗಲೂ ಕಣಗಿಲೆ ಹಸುರಾಗಿಯೇ ಇದ್ದು ಗೊಂಚಲು ಗೊಂಚಲಾಗಿ ಹೂಬಿಡುತ್ತದೆ. ಎಲೆಯ ತಳದಲ್ಲಿರುವ ರೋಮಭರಿತ ಕುಳಿಗಳೊಳಗೆ ಪತ್ರರಂಧ್ರಗಳು ಅಡಗಿರುವುದರಿಂದ ನೀರು ಬೇಗನೆ ಆವಿಯಾಗದು. ಮಳೆಗಾಲದ ಆರಂಭದಲ್ಲಿ ಬಲಿತ ರೆಂಬೆಯನ್ನು ಗೇಣುದ್ದ ಕತ್ತರಿಸಿ, ನೀರು ನಿಲ್ಲದ ಬಿಸಿಲಿನ ಎಡೆಯಲ್ಲಿ ನೆಟ್ಟರೆ ಬೇರೂರುತ್ತದೆ. ನೆರಳಿನ ಗಿಡ ಎಲೆಯನ್ನು ಬೆಳೆಸೀತು, ಹೂವನ್ನು ಧಾರಾಳವಾಗಿ ಕೊಡಲಾರದು. ಹೊಸ ಚಿಗುರಿನ ತುದಿಯಲ್ಲಿಯೇ ಹೂ ಮೂಡುವುದರಿಂದ, ಹೂವಿನ ಭರ ಇಳಿದೊಡನೆ ರೆಂಬೆಗಳನ್ನು ಸವರಬೇಕು.

ಸವರಿದುದನ್ನು ಎಲ್ಲೆಂದರಲ್ಲಿ ಎಸೆಯಕೂಡದು. ಶಿವಪೂಜೆಗೆ ಸಲ್ಲುವ ಈ ಹೂವಿನ ಗಿಡ ಬೇರಿನಿಂದ ಬೀಜದವರೆಗೂ ವಿಷ. ಅದು ಹೃದಯದ ಬಡಿತವನ್ನೇ ಕೆಡಿಸುತ್ತದೆ. ಕಹಿಯಾದ ಹಸಿಯೆಲೆಯನ್ನು ಹಸು ಸಾಮಾನ್ಯವಾಗಿ ಮುಟ್ಟದು. ಒಣಗಿದ ಎಲೆ ಮೇವಿನಲ್ಲಿ ಬೆರೆತರೆ ಮಾತ್ರ ಅರಿಯದೆ ತಿಂದು ಸಾಯಬಹುದು. ಒಣಗಿದರೂ ವಿಷ ಅಳಿಯುವುದಿಲ್ಲ. ಸುಟ್ಟರೆ ಹೊಗೆಯೂ ಅಪಾಯಕರ. ದನಕರು ಸುಳಿಯದ ಮೂಲೆಯಲ್ಲಿ ಆಳವಾಗಿ ಹೂಳಿ, ಕೈಗಳನ್ನು ಸಾಬೂನಿನಿಂದ ತೊಳೆಯಬೇಕು.